ಹುಣಸೇಪಾಳ್ಯದ ಕಲ್ಲಿನ ಕೊನೆಯ ಸಾಲು

ಆ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಅಕ್ಕಯ್ಯಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಸಿ ಗಂಟು ಕಟ್ಟುತ್ತಿದ್ದಳು. ಮಸಿ ಗಂಟು ಎಂದರೆ ಹಳೆಯ ಪಂಚೆಯ ತುಂಡಿನೊಳಗೆ ಮೆತ್ತಗಿರುವುದೇನನ್ನಾದರೂ ತುಂಬಿ, ಅಂಗೈಗೆ ಹೊಂದುವಂತೆ ಬಿಗಿದು ಕಟ್ಟಿದ ಉಂಡೆ. ಶಾಸನದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ ಅದರ ಮೇಲೆ ಮಸಿ ಒತ್ತುವುದಕ್ಕೆ ಅದು ಬೇಕು. ನಾನು ನಿವೃತ್ತನಾಗಿ ಒಂದು ವರ್ಷದ ಮೇಲಾಗಿತ್ತು. ಆದರೂ ಬೆಂಗಳೂರಿನ ನಮ್ಮ ಪುರಾತತ್ವ ಇಲಾಖೆಯ ಕಚೇರಿಗೆ ಹೊಸದಾಗಿ ಬಂದ ನಾಗರಾಜ ಎಂಬ ಹುಡುಗ, ಅಮ್ಮ ಕಟ್ಟಿದ ಗಂಟು ಒಂದು ಬೇಕು ಎಂದು ಹೇಳಿಕಳಿಸಿದ್ದ. ಅವಳು ಎರಡು ಕಟ್ಟುತ್ತಿದ್ದಳು.

“ಅವನು ಕೇಳಿದ್ದು ಒಂದು ಕಣೇ,” ಅಂದೆ.

“ಇನ್ನೊಂದು ನಮಗೆ.”

“ನಮಗ್ಯಾಕೆ? ನನ್ನ ಕೆಲಸ ಮುಗೀತಲ್ಲ.”

“ನಿಮ್ಮದು ಮುಗೀತು. ನನ್ನದು ಎಲ್ಲಿ ಮುಗೀತು? ಮುನಿಶಾಮಿ ಹೇಳಿಕಳಿಸಿದ್ದು ಮರೆತೇಹೋಯ್ತಾ?”

ಮುನಿಶಾಮಿ ಅವಳ ತಮ್ಮ. ಮಂಚೇನಹಳ್ಳಿಯಿಂದ ಆಚೆ ಹುಣಸೇಪಾಳ್ಯದಲ್ಲಿ ಜಮೀನು ನೋಡಿಕೊಂಡಿದ್ದಾನೆ. ಅವರ ಊರಿನ ಕೆರೆಯ ಹಳೆಯ ತೂಬನ್ನು ಕಿತ್ತು ಹೊಸದು ಕಟ್ಟುತ್ತಿದ್ದಾರೆ, ಕಿತ್ತ ಚಪ್ಪಡಿಗಳನ್ನು ಏರಿಯ ಮೇಲೆ ಉರುಳಿಸಿದ್ದಾರೆ, ಒಂದರ ಅಡಿಯಲ್ಲಿ ಅಕ್ಷರದ ಹಾಗೆ ಗೀರು ಕಾಣುತ್ತಿದೆ ಎಂದು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದ.

“ಬುಧವಾರ ಹೋಗಣ,” ಅಂದೆ.

“ಬುಧವಾರ ಅವನು ಊರಲ್ಲಿರಲ್ಲ. ಗುರುವಾರ.”

“ಸರಿ, ಗುರುವಾರ.”

ಸಂಜೆ ಹಾಲಿನವಳೊಡನೆ ಅವಳ ದಿನದ ಜಗಳ ನಡೆಯಿತು. “ಕೆರೆ ತುಂಬಿದೆ ಅಂತ ನಿನ್ನ ಹಾಲು ನೋಡಿದ್ರೇ ಗೊತ್ತಾಗುತ್ತೆ ಕಣಮ್ಮ,” ಎಂದು ಇವಳು ಹೇಳುವುದು, “ಹಂಗಾದ್ರೆ ನಾಳೆಯಿಂದ ನೀನೇ ಎಮ್ಮೆ ಕಟ್ಟಕ್ಕ,” ಎಂದು ಅವಳು ಹೇಳುವುದು, ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುವುದು. ರಾತ್ರಿ ಉಪ್ಸಾರು ಮುದ್ದೆ ತಿಂದು ಮಲಗಿದೆವು.

ಮಾರನೆಯ ಬೆಳಿಗ್ಗೆ ಒಲೆ ಹಚ್ಚಿದವಳು ತಲೆ ಸುತ್ತುತ್ತದೆ ಎಂದು ಗೋಡೆಗೆ ಒರಗಿದಳು. ಮತ್ತೆ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೋದಳು.

ಕರ್ಮಾಂತರಗಳು ಮುಗಿದ ಮೇಲೆ ನಾಗರಾಜ ಬಂದ. “ಸಾರ್, ಈ ಕೆಲಸ ನಿಜವಾಗಿ ಹೇಗಿರುತ್ತೆ ಅನ್ನೋದನ್ನ ನಮ್ಮಂಥ ಹೊಸಬರಿಗೆ ಬರೆದುಕೊಡಿ. ಪುಸ್ತಕದಲ್ಲಿ ಅದು ಸಿಗಲ್ಲ,” ಅಂದ. ನಾನು ಓದಿದ್ದು ಕಡಿಮೆ, ಬರೆದು ಅಭ್ಯಾಸವಿಲ್ಲ. ಆದರೆ ಈಗ ಮನೆಯಲ್ಲಿ ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಕಚೇರಿಯಲ್ಲಿ ನಾನು ಕಾಗದಪತ್ರ ಜೋಡಿಸುವ ಕೆಲಸದಲ್ಲಿದ್ದೆ. ಐವತ್ತರ ದಶಕದ ಆರಂಭದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಶಾಸನಗಳಿಗೆ ಪಡಿಯಚ್ಚು ತೆಗೆಯಲು ಒಬ್ಬ ಬೇಕಾದ. ಈ ಕಡೆಯವನು, ತೆಲುಗೂ ಬರುತ್ತದೆ ಎಂದು ನನ್ನನ್ನು ಹಾಕಿದರು. ಕಲ್ಲಿನಲ್ಲಿರುವುದನ್ನು ಇದ್ದ ಹಾಗೆ ಕಾಗದಕ್ಕೆ ಇಳಿಸುವುದೇ ಪಡಿಯಚ್ಚು. ಕಲ್ಲನ್ನು ತೆಂಗಿನ ನಾರಿನ ಬ್ರಷ್ಷಿನಿಂದ ತೊಳೆಯಬೇಕು. ಒದ್ದೆ ಕಾಗದವನ್ನು ಅದಕ್ಕೆ ಹೊದಿಸಿ, ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕಾಗದ ಇಳಿಯುವಂತೆ ಮಾಡಬೇಕು. ಕಾಗದ ಅರ್ಧ ಆರಿದಾಗ ಗಂಟಿನಿಂದ ಮಸಿ ಒತ್ತಬೇಕು. ಗುಳಿಯೊಳಗೆ ಮಸಿ ಹೋಗುವುದಿಲ್ಲ. ಸುತ್ತಲೂ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಷ್ಟೇ ಕೆಲಸ. ಇಷ್ಟರಲ್ಲಿ ಗಾಳಿ ಎದ್ದರೆ ಕಾಗದ ಹರಿಯುತ್ತದೆ, ಬಿಸಿಲು ಏರಿದರೆ ಬೇಗ ಒಣಗಿ ಕಳಚಿಕೊಳ್ಳುತ್ತದೆ. ಹೊಸಬರು ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಾರೆ. ತಿಂಡಿಯನ್ನು ಕಲ್ಲಿನ ಹತ್ತಿರ ಕೆಲಸ ಮುಗಿದ ಮೇಲೆ ತಿನ್ನಿ.

ನನಗೆ ಕೆಲಸ ಕಲಿಸಿದವರು ಶಾಸನ ಓದುತ್ತಿದ್ದ ನಮ್ಮ ಮೇಲಧಿಕಾರಿ. ಅವರನ್ನು ಎಲ್ಲರೂ ಪಂಡಿತರು ಎನ್ನುತ್ತಿದ್ದರು. ಕುತ್ತಿಗೆವರೆಗೆ ಗುಂಡಿ ಹಾಕಿದ ಮುಚ್ಚುಗೋಟು, ಪೇಟ, ಕೈಯಲ್ಲಿ ನೀರಿನ ಕೂಜ. ಬೈಯುವಾಗಲೂ ಧ್ವನಿ ಏರಿಸುತ್ತಿರಲಿಲ್ಲ. ಅವರಿಂದ ನಾನು ಕಲಿತ ದೊಡ್ಡ ಪಾಠ ಚಿಂತಾಮಣಿ ಕಡೆಯ ಒಂದು ರಾಗಿ ಹೊಲದಲ್ಲಿ ಆಯಿತು.

ಅಲ್ಲಿ ಆಳೆತ್ತರದ ಒಂದು ಕಲ್ಲು. ಒಂದು ಬೆಳಗೆಲ್ಲ ಕೂತು ಬಹಳ ಚೆನ್ನಾಗಿ ಅಚ್ಚು ತೆಗೆದೆ. ಚಿಂತಾಮಣಿಗೆ ನಡೆದುಬಂದು ಸಣ್ಣ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪಂಡಿತರ ಮೇಜಿನ ಮೇಲೆ ಹರಡಿದೆ. ಹೊಗಳುತ್ತಾರೆ ಎಂದು ಕಾದು ನಿಂತೆ. ಅವರು ಕೊನೆಯ ಸಾಲಿನವರೆಗೆ ಓದಿ ತಲೆ ಎತ್ತಿ, “ಕಲ್ಲಿನ ಬೆನ್ನು ನೋಡಿದ್ಯೇನಯ್ಯಾ?” ಅಂದರು.

“ಕಲ್ಲಿಗೆ ಬೆನ್ನು ಎಲ್ಲಿರುತ್ತೆ ಸ್ವಾಮಿ?”

“ಮುಖ ಇದ್ದದ್ದಕ್ಕೆಲ್ಲ ಬೆನ್ನು ಇರುತ್ತೆ. ಹೋಗಿ ಬಾ.”

ಮತ್ತೆ ಹೋದೆ. ಅಷ್ಟರಲ್ಲಿ ಹೊಲದ ಯಜಮಾನ ಕಲ್ಲಿನ ಹಿಂದುಗಡೆಗೆ ಒತ್ತಿ ಹುಲ್ಲಿನ ಬಣವೆ ಹಾಕಿಬಿಟ್ಟಿದ್ದ. ಸ್ವಲ್ಪ ಹುಲ್ಲು ಸರಿಸಿಕೊಡಪ್ಪ ಅಂದರೆ ಅವನು ಸೊಂಟಕ್ಕೆ ಕೈ ಇಟ್ಟು ನಿಂತ. “ಅವತ್ತು ಬೆಳಿಗ್ಗೆಯಿಂದ ಆ ಕಲ್ಲನ್ನ ತಬ್ಕೊಂಡು ಕೂತಿದ್ರಲ್ಲ, ಹಿಂದುಗಡೆ ಒಂದ್ಸಲ ಬಗ್ಗಿ ನೋಡಕ್ಕೆ ಏನಾಗಿತ್ತು ಸ್ವಾಮಿ? ಬಣವೆ ಕೆದಕಿದ್ರೆ ಮಳೆ ನೀರು ಒಳಗಿಳಿಯುತ್ತೆ. ದನ ತಿಂದು ಮುಗಿಸೋವರ್ಗೂ ಕಾಯ್ರಿ.” ದನಗಳು ತಿಂದು ಮುಗಿಸುವ ಹೊತ್ತಿಗೆ ಬೇಸಿಗೆ ಬಂತು. ಆ ಕಡೆ ಹೋದಾಗಲೆಲ್ಲ ಬಣವೆ ಎಷ್ಟು ಇಳಿದಿದೆ ಎಂದು ನೋಡಿಕೊಂಡು ಬರುತ್ತಿದ್ದೆ. ಕೊನೆಗೆ ಬೆನ್ನು ಕಂಡಾಗ ಅಲ್ಲಿ ಮುಖಕ್ಕಿಂತ ಹೆಚ್ಚು ಬರಹವಿತ್ತು. ಕೆರೆ ಕಟ್ಟಿಸಿದವರು ಯಾರು, ಗದ್ದೆ ಬಿಟ್ಟವರು ಯಾರು, ಎಲ್ಲ ಅಲ್ಲೇ. ಅಂದಿನಿಂದ ಯಾವ ಕಲ್ಲನ್ನಾದರೂ ಸುತ್ತಿ ಬಾರದೆ ನಾನು ಚೀಲ ಇಳಿಸಿದ್ದಿಲ್ಲ.

ಎರಡನೆಯ ಪಾಠ ಊರಿನ ಜನರ ವಿಷಯ. ನಮಗೆ ಶಾಸನವಾದದ್ದು ಊರಿಗೆ ಯಂತ್ರದ ಕಲ್ಲು. ಓದಲಾಗದ ಅಕ್ಷರಕ್ಕೆ ಶಕ್ತಿ ಇದೆ ಎಂದು ನಂಬುತ್ತಾರೆ. ದನಗಳಿಗೆ ಕಾಲುಬಾಯಿ ಬೇನೆ ಬಂದರೆ ಕಲ್ಲಿನ ಮೇಲೆ ಅರಿಸಿನದ ನೀರು ಹುಯ್ದು, ಅಡಿಯಲ್ಲಿ ಕೊಡ ಹಿಡಿದು, ಆ ನೀರನ್ನು ಕೊಟ್ಟಿಗೆಗೆ ಚಿಮುಕಿಸುತ್ತಾರೆ. ಗೌರಿಬಿದನೂರಿನಿಂದ ಆಂಧ್ರದ ಕಡೆಗಿರುವ ಒಂದು ಹಳ್ಳಿಯಲ್ಲಿ ನಾನು ಮಸಿ ಒತ್ತಿ, ಕಾಗದ ಆರಲಿ ಎಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆ. ಅಷ್ಟರಲ್ಲಿ ಹೆಂಗಸರು ಕೊಡ ಹೊತ್ತು ಬಂದೇಬಿಟ್ಟರು. ಮುಂದೆ ಇದ್ದ ಅಜ್ಜಿ ಕಲ್ಲಿಗೆ ಅಂಟಿದ್ದ ಕಾಗದ ನೋಡಿ ಕೈ ಮುಗಿದು, “ದೇವುಡಿಕಿ ಕೊತ್ತ ಬಟ್ಟ ಕಟ್ಟಿನಾರು,” ಅಂದಳು. ದೇವರಿಗೆ ಹೊಸ ಬಟ್ಟೆ ಉಡಿಸಿದ್ದಾರೆ ಎಂದು. ನಾನು ಬಾಯಲ್ಲಿ ಮುದ್ದೆ ಇಟ್ಟುಕೊಂಡು “ಅಯ್ಯೋ ಅಯ್ಯೋ” ಅನ್ನುತ್ತ ಓಡಿಬರುವಷ್ಟರಲ್ಲಿ ಕೊಡದ ನೀರೆಲ್ಲ ಕಾಗದದ ಮೇಲೆ. ಮಸಿ ಕರಗಿ ಕಪ್ಪು ನೀರು ಇಳಿಯಿತು. ಅವರು ಅದನ್ನೇ ಬಹಳ ಭಕ್ತಿಯಿಂದ ಹಿಡಿದುಕೊಂಡು ಹೋದರು.

ಮುಂದಿನ ತಿಂಗಳು ಮತ್ತೆ ಅಚ್ಚು ತೆಗೆಯಲು ಹೋದಾಗ ಅಜ್ಜಿ ನನ್ನನ್ನು ದೂರದಿಂದಲೇ ಗುರುತಿಸಿದಳು. ದನಗಳೆಲ್ಲ ವಾಸಿಯಾಗಿದ್ದವು. “ಆ ನಲ್ಲ ನೀಳ್ಳು ಮಳ್ಳೀ ಇಸ್ತಾವಾ ನಾಯನಾ?” ಎಂದು ಕೇಳಿದಳು. ಆ ಕಪ್ಪು ನೀರು ಮತ್ತೆ ಕೊಡುತ್ತೀಯಾ ಎಂದು. ಕಾಗದ ಹೊದಿಸುವ ಮೊದಲು ಈ ದಿನ ಕಲ್ಲಿಗೆ ಯಾರಾದರೂ ಪೂಜೆಗೆ ಬರುತ್ತಾರೆಯೇ ಎಂದು ಊರಲ್ಲಿ ಕೇಳಿಕೊಳ್ಳಿ. ಕೇಳಿದರೆ ಕಲ್ಲು ನಮ್ಮದಲ್ಲ ಎಂಬುದು ನಮಗೂ ನೆನಪಿರುತ್ತದೆ.

ಮಸಿ ಗಂಟಿಗೆ ಮೊದಲು ಹತ್ತಿ ತುಂಬುತ್ತಿದ್ದೆವು. ಅದನ್ನು ಬಿಡಿಸಿದವರು ಶಿಡ್ಲಘಟ್ಟದ ಬುಡನ್ ಸಾಬರು. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಅವರ ಮನೆಯ ಹಿಂಬಾಗಿಲಿಗೆ ಹೊಸಿಲಾಗಿದ್ದದ್ದು ಒಂದು ಶಾಸನದ ಕಲ್ಲು. ಕೆಲಸದವರು ಬಿಸಿನೀರಿನ ಕೊಡ ಹಿಡಿದು ಅದನ್ನು ದಾಟಿಯೇ ಓಡಾಡಬೇಕು. ನಾನು ಸಂಕೋಚದಿಂದ ಕೇಳಿದರೆ ಅವರು ನಕ್ಕರು. “ನೋಡ್ರೋ, ಇವರು ನಮ್ಮನೆ ಹೊಸಿಲು ಓದಕ್ಕೆ ಬೆಂಗಳೂರಿಂದ ಬಂದವ್ರೆ. ನಮ್ಮ ಹುಡುಗರು ಸ್ಕೂಲ್ ಪುಸ್ತಕಾನೇ ಓದಲ್ಲ!” ಕಲ್ಲಿನ ಮೇಲಿಂದ ಹಲಗೆ ಹಾಕಿಸಿಕೊಟ್ಟರು. ನಾನು ಹಲಗೆಯ ಕೆಳಗೆ ನುಸುಳಿ ಕೆಲಸ ಮಾಡಿದೆ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

“ಅರೇ ಭಾಯಿ, ನಿಮ್ಮ ಗಂಟು ಒಂದು ಕಡೆ ಜಾಸ್ತಿ ಕಕ್ತದೆ, ಒಂದು ಕಡೆ ಒಣಗ್ತದೆ. ಹತ್ತಿ ಕುಡುಕ ಇದ್ದಂಗೆ, ಸಿಕ್ಕಿದ್ದೆಲ್ಲ ಕುಡಿದುಬಿಡ್ತದೆ. ಇದು ತುಂಬಿ ನೋಡಿ.” ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕನ್ನು ಒಂದು ಚೀಲದಲ್ಲಿ ತುಂಬಿಕೊಟ್ಟರು.

ಮನೆಗೆ ತಂದಾಗ ಅಕ್ಕಯ್ಯಮ್ಮ ಮೂಗಿಗೆ ಸೆರಗು ಹಿಡಿದಳು. “ಏನ್ರೀ ಇದು, ಸತ್ತ ಹುಳದ ನಾತ! ಶಿಡ್ಲಘಟ್ಟಕ್ಕೆ ಹೋದ ಗಂಡಂದಿರು ಹೆಂಡ್ತಿಗೆ ರೇಷ್ಮೆ ಸೀರೆ ತರ್ತಾರೆ, ನೀವು ಇದು ತಂದಿದೀರ.” ಬೈಯುತ್ತಲೇ ಅಂಟುವಾಳದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ನೆರಳಲ್ಲಿ ಒಣಗಿಸಿ, ಬಿಡಿಸಿ ಬಿಡಿಸಿ ಮೃದು ಮಾಡಿ ಗಂಟು ಕಟ್ಟಿದಳು. ಆ ಗಂಟಿನಿಂದ ಬಂದ ಮೊದಲ ಅಚ್ಚನ್ನು ನೋಡಿ ಪಂಡಿತರು, “ಇದನ್ನ ಕಟ್ಟಿದವರು ಯಾರು?” ಅಂದರು. ಹೇಳಿದೆ. “ಆಕೆಗೆ ನನ್ನ ನಮಸ್ಕಾರ ಹೇಳು,” ಅಂದರು. ಆಮೇಲೆ ನಾಲ್ಕು ತಾಲ್ಲೂಕಿನಲ್ಲಿ ನಾನು ತೆಗೆದ ಅಚ್ಚುಗಳಿಗೆಲ್ಲ ಅವಳ ಗಂಟೇ. ಮಸಿಯೂ ಅವಳದೇ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದು, ಗೋಂದು ಸೇರಿಸಿ ಅರೆದು ಕೊಡುತ್ತಿದ್ದಳು.

ಆ ನಮಸ್ಕಾರ ಹೇಳಿದ ದಿನವೇ ಅವಳು ತನ್ನ ತವರಿನ ಕಲ್ಲಿನ ಮಾತು ತೆಗೆದದ್ದು. “ಊರವರ ಕಲ್ಲನ್ನೆಲ್ಲ ಓದಿಸ್ತೀರ. ನಮ್ಮದನ್ನ ಯಾವಾಗ?”

ಹುಣಸೇಪಾಳ್ಯದ ಕೆರೆಯ ಕೆಳಗೆ ಅವರ ಗದ್ದೆಯ ಬದುವಿನಲ್ಲಿ ಒಂದು ವೀರಗಲ್ಲು ನಿಂತಿದೆ. ಬಿಲ್ಲು ಹಿಡಿದ ಒಬ್ಬ, ಎದುರಿಗೆ ಶತ್ರುಗಳು, ಕಾಲ ಬಳಿ ಹಸುಗಳು. ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತವನು, ತಮ್ಮ ಮನೆತನದ ಹಿರಿಯ ಎಂದು ಅವರ ನಂಬಿಕೆ. ಹೆಸರು ಯಾರಿಗೂ ಗೊತ್ತಿಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಬಾಳೆ ಎಲೆಯಲ್ಲಿ ಎಡೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಅವರ ಮನೆಯಲ್ಲಿ ಆ ಹಬ್ಬ ನಮ್ಮ ಮನೆಯದಕ್ಕಿಂತ ಮುಂಚೆ. ಹಾಗಾಗಿ ಪ್ರತಿ ವರ್ಷ ಇಬ್ಬರೂ ಹೋಗುತ್ತಿದ್ದೆವು. ನನ್ನ ಮಾವ ಎಲ್ಲರನ್ನೂ ಕರೆದು, ಕೊನೆಯ ಎಲೆಯ ಮುಂದೆ ಮಾತ್ರ “ಕಲ್ಲಿನಯ್ಯಾ, ನೀನೂ ಬಾ,” ಅನ್ನುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಅಕ್ಕಯ್ಯಮ್ಮನಿಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ.

ಆ ಕಲ್ಲಿನ ಬರಹವೆಲ್ಲ ಅಡಿಯಲ್ಲಿ, ಮಣ್ಣಿನೊಳಗಿತ್ತು. ವೀರನ ಕಾಲು ಕೆದಕಬಾರದು ಎಂದು ಊರಿನ ಕಟ್ಟಳೆ. ಮಾವನನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಕೇಳಿದಳು.

“ಅಪ್ಪಾ, ಹೆಸರು ಕರೀದಿದ್ರೆ ಅವನು ಹೇಗೆ ಬರ್ತಾನೆ?”

“ಇಷ್ಟು ವರ್ಷ ಬಂದಿಲ್ವೇನಮ್ಮಾ?”

“ಬಂದ ಅಂತ ಯಾರು ನೋಡಿದಾರೆ? ಬಾಗಿಲಾಚೆ ನಿಂತು, ಇವರು ಕರೀತಿರೋದು ಯಾರನ್ನೋ ಏನೋ ಅಂತ ಹಿಂದಕ್ಕೆ ಹೋಗಿದ್ರೆ?”

ಮಾವ ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅಂದರು: “ಅಳಿಯಂದ್ರು ಅಗೀಬಾರ್ದು. ಹೊರಗಿನೋರು ಕೆದಕಿದ್ರೆ ಊರು ಸುಮ್ನಿರಲ್ಲ. ನೀನು ಮಣ್ಣು ಸರಿಸು. ಮನೆ ಮಗಳು ಹಿರಿಯರ ಕಾಲಿನ ಮಣ್ಣು ಸರಿಸಿದ್ರೆ ಯಾರು ಏನಂತಾರೆ?”

ಅವಳೇ ಅಗೆದಳು. ಸೆರಗು ಸಿಕ್ಕಿಸಿಕೊಂಡು, ಸಣ್ಣ ಗುದ್ದಲಿಯಿಂದ ಮೊದಲು, ಆಮೇಲೆ ಬರಿಗೈಯಲ್ಲಿ. ಮಣ್ಣಿನಿಂದ ಒಂದು ಸಾಲು ಅಕ್ಷರ ಎದ್ದುಬಂತು. ಅದರ ಕೆಳಗೆ ಕಲ್ಲು ಓರೆಯಾಗಿ ಮುರಿದಿತ್ತು. ಹಿಂದೆ ಯಾವಾಗಲೋ ಮುರಿದ ಕಲ್ಲಿನ ಮೇಲಿನ ಭಾಗವನ್ನೇ ಯಾರೋ ಮತ್ತೆ ನೆಟ್ಟಿದ್ದರು. ಬೆನ್ನು ನೋಡಿದೆ, ಏನೂ ಇರಲಿಲ್ಲ. ನಾನು ಕಾಗದ ತಟ್ಟಿದೆ, ಮಸಿಯನ್ನು ಅವಳು ಒತ್ತಿದಳು. ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಕಂಡಾಗ, “ಇದ್ರಲ್ಲಿ ಅವನ ಹೆಸರು ಯಾವುದು?” ಅಂದಳು. ಹಳಗಾಲದ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಪಂಡಿತರೇ ಓದಬೇಕು ಅಂದೆ.

ಪಂಡಿತರು ಓದಿದರು. “ಬೀರಗಾವುಂಡನ ಮಗ…” ಎಂದು ನಿಲ್ಲಿಸಿದರು.

“ಮುಂದೆ ಸ್ವಾಮಿ?”

“ಮುಂದೆ ಕಲ್ಲಿಲ್ಲವಲ್ಲಯ್ಯ.”

ನಾನು ಮನೆಗೆ ಬಂದು ಅದನ್ನೇ ಹೇಳಿದೆ. ಅವಳು ನಕ್ಕಳು. “ಮಗನ್ನ ಕೇಳಿದ್ರೆ ಅಪ್ಪನ್ನ ಕಳಿಸಿದಾರೆ ನೋಡಿ,” ಅಂದಳು. ಆ ವರ್ಷದ ಹಬ್ಬದಲ್ಲಿ ಮಾವ ಒಂದು ಎಲೆ ಹೆಚ್ಚು ಹಾಕಿಸಿದರು. “ಬೀರಗಾವುಂಡಯ್ಯಾ, ಬಾ,” ಎಂದು ಕರೆದರು. ಪಕ್ಕದ ಎಲೆಗೆ ಬಂದಾಗ ಸ್ವಲ್ಪ ತಡೆದು, “ಬೀರಗಾವುಂಡಯ್ಯನ ಮಗಾ, ನೀನೂ ಬಾ,” ಅಂದರು. ಹೊರಗೆ ನಿಂತಾಗ ಅಕ್ಕಯ್ಯಮ್ಮ ನನ್ನ ಕಿವಿಯಲ್ಲಿ, “ಯಾರನ್ನಾದ್ರೂ ಬರೀ ಅವರಪ್ಪನ ಹೆಸರಲ್ಲೇ ಕರೆದ್ರೆ ಕೋಪ ಬರಲ್ವೇನ್ರೀ?” ಅಂದಳು.

ಉಳಿದ ತುಂಡು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಮಾವ ಹೇಳಿದ್ದು ಇಷ್ಟು. ಅವರ ತಾತನ ಕಾಲದಲ್ಲಿ ಕೆರೆ ಒಡೆದಾಗ, ಸಿಕ್ಕಿದ ಕಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋಗಿ ತೂಬಿಗೆ ಹಾಕಿದ್ದರಂತೆ. ತೂಬು ನೀರಿನೊಳಗೆ, ಹೂಳಿನೊಳಗೆ. ನಾವು ಕಾದೆವು. ಮಾವ ತೀರಿಕೊಂಡರು. ಕರೆಯುವ ಕೆಲಸ ಮುನಿಶಾಮಿಗೆ ಬಂತು. ಪಂಡಿತರೂ ನಿವೃತ್ತರಾಗಿ ಮೈಸೂರಿಗೆ ಹೋದರು.

ಈ ನಡುವೆ ಕೆಲಸದ ರೀತಿ ಬದಲಾಯಿತು. ಡಬ್ಬಿಯಲ್ಲಿ ಸಿದ್ಧವಾದ ಮಸಿ ಬಂತು. ಅಕ್ಕಯ್ಯಮ್ಮ ಬೆರಳಿಗೆ ಹಚ್ಚಿ ನೋಡಿ, “ಇದು ಬಹಳ ಬೇಗ ಒಣಗುತ್ತೆ, ಅವಸರದವರಿಗೆ ಸರಿ,” ಅಂದಳು. ಕ್ಯಾಮೆರಾ ಬಂತು. ಅಕ್ಷರದ ಗುಳಿಗೆ ಬಿಳಿ ಪುಡಿ ಸವರಿ ಫೋಟೋ ಹಿಡಿಯುವುದು ಬೇಗ ಆಗುತ್ತದೆ, ಗಾಳಿಯ ಭಯವಿಲ್ಲ. ನಾನು ಅದನ್ನು ಬೇಡ ಎನ್ನುವವನಲ್ಲ. ಆದರೆ ಪುಡಿ ಸವರುವಾಗ ಅಕ್ಷರ ಯಾವುದು, ಬಿರುಕು ಯಾವುದು ಎಂದು ಮೊದಲೇ ನಮ್ಮ ಕಣ್ಣು ತೀರ್ಮಾನ ಮಾಡಿಬಿಟ್ಟಿರುತ್ತದೆ. ಕಾಗದ ಹಾಗಲ್ಲ, ಇದ್ದ ಗುಳಿಗೆಲ್ಲ ಇಳಿಯುತ್ತದೆ. ಎರಡನ್ನೂ ಮಾಡಿ. ಇನ್ನೊಂದು ಮಾತು. ಅಳಿದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡುವುದು ನಮ್ಮ ಪದ್ಧತಿ. ಹೀಗಿರಬಹುದು ಎಂದು ತುಂಬಬಾರದು. ಒಂದು ಸಲ ತುಂಬಿದರೆ ನಮ್ಮ ನಂತರದವರು ಅದನ್ನೇ ಕಲ್ಲಿನ ಮಾತು ಎಂದು ನಂಬುತ್ತಾರೆ.

ಆ ಗುರುವಾರ ನಾನು ಹುಣಸೇಪಾಳ್ಯಕ್ಕೆ ಹೋಗಲಿಲ್ಲ. ಬೇಸಿಗೆ ಕಳೆಯಿತು, ಮಳೆಗಾಲವೂ ಅರ್ಧ ಕಳೆಯಿತು. ಮುನಿಶಾಮಿ ಏನೂ ಹೇಳಿಕಳಿಸಲಿಲ್ಲ. ಹಿರಿಯರ ಹಬ್ಬ ಹತ್ತಿರ ಬಂದಾಗ ನಮಗೆಂದು ಅವಳು ಕಟ್ಟಿ ಗೂಡಿನಲ್ಲಿಟ್ಟಿದ್ದ ಹೊಸ ಗಂಟನ್ನು ತೆಗೆದುಕೊಂಡೆ. ನಾಗರಾಜನಿಗೂ ತಿಳಿಸಿದೆ. ಅವನು ಕ್ಯಾಮೆರಾ ಹಿಡಿದು ಬಂದ. ಇಬ್ಬರೂ ಮಂಚೇನಹಳ್ಳಿ ಬಸ್ಸು ಹತ್ತಿದೆವು.

ಕೆರೆಯ ಏರಿಯ ಮೇಲೆ ಒಂದೇ ಚಪ್ಪಡಿ ಉಳಿದಿತ್ತು. ಅದರ ಮೇಲೆ ಮುನಿಶಾಮಿ ಕೂತಿದ್ದ.

“ಮಿಕ್ಕಿದ್ದೆಲ್ಲ ಮೆಟ್ಟಿಲಿಗೆ ಹೋಯ್ತು ಭಾವ. ಇದಕ್ಕೂ ಗಾಡಿ ತಂದಿದ್ರು. ಅಕ್ಕ ಬರೋವರ್ಗೂ ಎತ್ತಬೇಡಿ ಅಂದಿದ್ದೆ. ಆಮೇಲೆ ಮತ್ತೆ ಬಂದ್ರು.” ಅವನು ಹೆಗಲ ವಸ್ತ್ರ ಸರಿಮಾಡಿಕೊಂಡ. “ಭಾವ ಬರೋವರ್ಗೂ ಅಂದೆ.”

ಹಾರೆ ಹಾಕಿ ನಾಲ್ಕೈದು ಜನ ಸೇರಿ ಚಪ್ಪಡಿಯನ್ನು ಮಗುಚಿದರು. ನಾನು ಸುತ್ತಿ ಬಂದೆ. ಒಂದು ಅಂಚು ಓರೆಯಾಗಿ ಮುರಿದಿತ್ತು. ಆ ಓರೆ ನನಗೆ ಗೊತ್ತಿತ್ತು, ಅವಳು ಮಣ್ಣು ಸರಿಸಿದಾಗ ನೋಡಿದ್ದೆ. ಅದರ ಕೆಳಗೆ ಒಂದು ಸಾಲು ಬರಹ. ಸಾಲಿನ ಮೊದಲಲ್ಲೇ, ತೆಂಗಿನಕಾಯಿ ಹೋಗುವಷ್ಟು ದೊಡ್ಡ, ದುಂಡನೆಯ ಒಂದು ತೂತು. ತೂಬಿನ ಕಂಡಿ ಅದು. ಗೂಟ ಎತ್ತಿದರೆ ಕೆರೆಯ ನೀರು ಅದರಲ್ಲಿ ಇಳಿದು ಗದ್ದೆಗೆ ಹೋಗುತ್ತದೆ. ಕಲ್ಲನ್ನು ತೂಬಿಗೆ ಹಾಕಿದವರು ಕಂಡಿ ಕೊರೆದದ್ದು ಅಲ್ಲಿ. ನಾಗರಾಜನೂ ಬಗ್ಗಿ ನೋಡಿದ.

ಕಲ್ಲು ತೊಳೆದೆವು. ಕಾಗದ ತಟ್ಟಿದೆ. ಹೊಸ ಗಂಟು ಮೊದಲ ಸಲ ಒತ್ತುವಾಗ ಸ್ವಲ್ಪ ಬಿಗಿಯಾಗಿರುತ್ತದೆ, ನಾಲ್ಕು ಸಲ ಒತ್ತಿದ ಮೇಲೆ ಕೈಗೆ ಬರುತ್ತದೆ. ಅಂದು ಗಾಳಿಯೂ ಇರಲಿಲ್ಲ. ಅಚ್ಚು ಚೆನ್ನಾಗಿ ಬಂತು. ಈಗಿನ ಹುಡುಗರಿಗೆ ಹಳಗಾಲದ ಲಿಪಿ ಕಲಿಸಿರುತ್ತಾರೆ. ನಾಗರಾಜ ಅಲ್ಲೇ ಕೂತು ಓದಿದ. “ತುರುವಂ ಮಗುಳ್ಚಿ ಸತ್ತಂ. ದನಗಳನ್ನ ಹಿಂದಕ್ಕೆ ತಿರುಗಿಸಿ ತಂದು ಸತ್ತ ಅಂತ ಸಾರ್.”

“ಅದಕ್ಕೆ ಮುಂಚೆ?”

“ಅದಕ್ಕೆ ಮುಂಚೆ ತೂತು.” ಅವನು ತೂತಿನ ಅಂಚಿಗೆ ಬೆರಳಿಟ್ಟ. “ಇಲ್ಲೊಂದು ಅರ್ಧ ಅಕ್ಷರ ಇದೆ. ‘ಮ’ ಇರಬಹುದು. ಇಲ್ಲ, ಬೇರೆ ಏನಾದರೂ ಇರಬಹುದು. ಇದೊಂದರಿಂದ ಹೇಳಕ್ಕಾಗಲ್ಲ ಸಾರ್.”

ಮುನಿಶಾಮಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ: “ಭಾವ, ‘ಮ’ ಅಂದ್ರಲ್ಲ. ಮಾರಯ್ಯ ಅಂತ ಕರೆದ್ರೆ ಆಗಲ್ವಾ? ಏನೋ ಒಂದು ಹೆಸರು. ಅಕ್ಕನಿಗೂ ಸಮಾಧಾನ ಆಗುತ್ತೆ.”

ನನಗೂ ಆಸೆ ಆಯಿತು. ಸುಳ್ಳು ಹೇಳುವುದಿಲ್ಲ. ಆ ಹೆಸರು ಕೇಳಿದ್ದರೆ ಅವಳು ಎಷ್ಟು ಸಂತೋಷಪಡುತ್ತಿದ್ದಳು ಎಂದು ಕಣ್ಣಿಗೆ ಕಂಡಿತು. ಅದರ ಜೊತೆಗೇ ಅವಳು ಕೇಳುತ್ತಿದ್ದ ಮುಂದಿನ ಪ್ರಶ್ನೆಯೂ ಕೇಳಿಸಿತು: “ಹಂಗಂತ ಕಲ್ಲಲ್ಲಿ ಇದೆಯೇನ್ರೀ?”

“ನಿಮ್ಮಕ್ಕ ಕೇಳಿದ್ದು ಅವನ ಹೆಸರು ಮುನಿಶಾಮಿ. ಏನೋ ಒಂದು ಹೆಸರಲ್ಲ,” ಅಂದೆ. ನಾಗರಾಜನಿಗೆ ಚುಕ್ಕಿ ಇಡಲು ಹೇಳಿದೆ. ಅವನು ಇಟ್ಟ.

ಹೊಸ ತೂಬು ಏರಿಯ ಆ ಕೊನೆಯಲ್ಲಿದೆ, ಕಬ್ಬಿಣದ ಬಾಗಿಲಿನದು. ಹಳೆಯ ಚಪ್ಪಡಿಯನ್ನು ಗಾಡಿಯಲ್ಲಿ ತಂದು ಗದ್ದೆಯ ಬದುವಿನಲ್ಲಿ ವೀರಗಲ್ಲಿನ ಪಕ್ಕಕ್ಕೆ ಒರಗಿಸಿದೆವು. ಕಚೇರಿಯಲ್ಲಿ ಎರಡು ಅಚ್ಚನ್ನೂ ಒಂದೇ ಹಾಳೆಗೆ ಅಂಟಿಸಿ ಇಟ್ಟಿದ್ದಾರೆ. ನೀವು ನೋಡಬಹುದು.

ಹಬ್ಬದ ದಿನ ಎಲೆ ಹಾಕುವಾಗ ಮುನಿಶಾಮಿ ಒಂದು ಎಲೆ ಹೆಚ್ಚು ತಂದ. ನಿಮ್ಮಕ್ಕನಿಗೆ ನಮ್ಮ ಮನೆಯಲ್ಲಿ ಇಡುತ್ತೇನಪ್ಪ, ಅದು ಕ್ರಮ, ಅಂದೆ. “ಅಲ್ಲೂ ಇಡಿ ಭಾವ. ಕಲ್ಲಿನಯ್ಯನಿಗೆ ಎಡೆ ಇಡೋ ದಿನ ಅವಳು ಇಲ್ಲಿಗೆ ಬರದೆ ಇರ್ತಾಳಾ?” ಅಂದ. ಅನ್ನ, ಸಾರು, ಕಜ್ಜಾಯ ಬಡಿಸಿದರು. ಅವಳ ಎಲೆಯ ಪಕ್ಕಕ್ಕೆ ಒಂದು ಸೀರೆ ಇಟ್ಟರು. ಸಾಂಬ್ರಾಣಿ ಹೊಗೆಯಲ್ಲಿ ಮುನಿಶಾಮಿ ಅಪ್ಪನನ್ನು ಕರೆದ, ಅಮ್ಮನನ್ನು ಕರೆದ, ತಾತನನ್ನು ಕರೆದ, ಬೀರಗಾವುಂಡಯ್ಯನನ್ನು ಕರೆದ. “ಅಕ್ಕಯ್ಯಮ್ಮಾ, ಬಾರಮ್ಮ,” ಅಂದ. ಕೊನೆಯ ಎಲೆಯ ಮುಂದೆ ನಿಂತು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. “ಬೀರಗಾವುಂಡಯ್ಯನ ಮಗಾ, ದನ ತಂದವನೇ, ನೀನೂ ಬಾ,” ಅಂದ.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಜಗಲಿಯಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ಅವನ ಹೆಸರು ಇನ್ನೂ ಸಿಕ್ಕಿಲ್ಲ.